ಅಡುಗೆಮನೆಯ ಹದಿನೆಂಟು ಅಕ್ಷರ

ನನ್ನ ಕಾಲು ಮುರಿದದ್ದು ಯಾವ ಘನಕಾರ್ಯ ಮಾಡುವಾಗಲೂ ಅಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿರುವ ಸರ್ವರ್ ಕೋಣೆಗೆ ಮೂವತ್ತೆಂಟು ಮೆಟ್ಟಿಲು. ಮೂವತ್ತೇಳನ್ನು ಸರಿಯಾಗಿ ಇಳಿದೆ. ಮುಗಿಯಿತು ಎಂದುಕೊಂಡು ಗತ್ತಿನಿಂದ ಹೆಜ್ಜೆ ಹಾಕಿದಾಗ ಇನ್ನೊಂದು ಉಳಿದಿತ್ತು. ಹೀಗಾಗಿ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ, ಮೂರನೇ ಮಹಡಿಯ ಮೂಳೆ ವಾರ್ಡಿನ ಒಂಬತ್ತನೇ ಮಂಚದ ಮೇಲೆ, ತೊಡೆಯವರೆಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದೆ. ಇಡೀ ಕಂಪ್ಯೂಟರ್ ವಿಭಾಗವೇ ಹಾಸಿಗೆ ಹಿಡಿದಿದೆ ಎಂದು ಜನ ನಕ್ಕರು. ಆ ವಿಭಾಗದಲ್ಲಿ ಇರುವುದು ನಾನೊಬ್ಬಳೇ ಆದ್ದರಿಂದ ಎದುರು ಮಾತಾಡುವಂತಿರಲಿಲ್ಲ.

ಅದೇ ಆಸ್ಪತ್ರೆಯ ಅಡುಗೆಮನೆಗೆ ನನ್ನ ಅತ್ತೆ ಮುಖ್ಯಸ್ಥೆ. ನನ್ನನ್ನು ಮಗನಿಗೆ ತಂದುಕೊಂಡವರೂ ಅವರೇ. ಹಿಂದೆ ಅಡುಗೆಮನೆಯ ಪ್ರಿಂಟರ್ ಸರಿಮಾಡಲು ಹೋದಾಗ, ಯಾರೂ ಹೇಳದೆಯೇ ಬಾಗಿಲಲ್ಲಿ ಕೈ ತೊಳೆದು, ತಲೆಗೆ ಟೋಪಿ ಹಾಕಿಕೊಂಡು ಒಳಗೆ ಕಾಲಿಟ್ಟೆನಂತೆ. ಹುಡುಗಿ ಒಳ್ಳೆಯವಳು ಎಂದು ಅಷ್ಟಕ್ಕೇ ತೀರ್ಮಾನವಾಯಿತು. ಮದುವೆಯಾಗಿ ಮೂರು ವರ್ಷವಾದರೂ ಅವರು ಕಂಡವರಿಗೆಲ್ಲ ಅದನ್ನೇ ಹೇಳುತ್ತಿದ್ದರು. ನನ್ನ ಬಗ್ಗೆ ಇಷ್ಟು ಒಳ್ಳೆಯ ಅಭಿಪ್ರಾಯ ನನ್ನ ಸ್ವಂತ ಅಮ್ಮನಿಗೂ ಇರಲಿಲ್ಲ. ಅದನ್ನು ಕಳೆದುಕೊಳ್ಳಲು ನನಗೆ ಸುತರಾಂ ಇಷ್ಟವಿರಲಿಲ್ಲ.

ಅತ್ತೆಯ ಅಡುಗೆಮನೆಯಲ್ಲಿ ಒಂದು ನಿಯಮವಿದೆ. ಫೋನಿನಲ್ಲಿ ಬಂದ ಮಾತನ್ನು ಮೊದಲು ಚೀಟಿಯಲ್ಲಿ ಬರೆಯಬೇಕು. ಬರೆದದ್ದನ್ನು ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಓದಿ ಹೇಳಬೇಕು. ಆ ಕಡೆಯಿಂದ ‘ಸರಿ’ ಎಂದ ಮೇಲೆಯೇ ಕೈ ಹಾಕಬೇಕು. ಹಿಂದೊಮ್ಮೆ ಯಾರೋ ಫೋನಿನ ಮಾತನ್ನು ತಲೆಯಲ್ಲೇ ಇಟ್ಟುಕೊಂಡು ಕೆಲಸ ಮಾಡಿದ್ದರಿಂದ, ಮಕ್ಕಳ ವಾರ್ಡಿನ ಕೇಕು ಸಕ್ಕರೆ ಕಾಯಿಲೆಯವರ ವಾರ್ಡಿಗೆ ಹೋಗಿತ್ತು. ಸಕ್ಕರೆ ಕಾಯಿಲೆಯವರು ಯಾರೂ ದೂರು ಕೊಡಲಿಲ್ಲ. ಮಕ್ಕಳು ಕೊಟ್ಟರು.

ಈಗ ನನ್ನ ಪಾಪದ ಕಥೆ. ಮೂರು ವರ್ಷದ ಹಿಂದೆ ನಾನು ಊಟದ ಚೀಟಿಗಳಿಗೆಂದು ಒಂದು ಸರ್ವರ್ ಕೂರಿಸಿದೆ. ಯಾವ ಮಂಚಕ್ಕೆ ಯಾವ ಊಟ, ಯಾರಿಗೆ ಏನು ವರ್ಜ್ಯ ಎಂದು ನಲವತ್ತು ವಾರ್ಡುಗಳ ಕಂಪ್ಯೂಟರುಗಳು ಅದಕ್ಕೆ ಸಂದೇಶ ಕಳಿಸುತ್ತವೆ. ಸರ್ವರ್ ಅವನ್ನೆಲ್ಲ ಸಾಲಾಗಿ ನಿಲ್ಲಿಸಿಕೊಂಡು, ಅಡುಗೆಮನೆಯ ಕಂಪ್ಯೂಟರ್ ಬಂದು ಬಾಗಿಲು ತಟ್ಟಿದಾಗ ಒಂದೊಂದಾಗಿ ಕೊಡುತ್ತದೆ. ಆದರೆ ತಟ್ಟಿದವರಿಗೆಲ್ಲ ಬಾಗಿಲು ತೆರೆಯುವುದಿಲ್ಲ. ಹೆಸರೇನು, ಗುಟ್ಟಿನ ಮಾತೇನು ಎಂದು ಕೇಳುತ್ತದೆ. ಎರಡೂ ಸರಿಯಿದ್ದರೆ ಮಾತ್ರ ಒಳಗೆ. ಒಂದೊಂದು ಕಂಪ್ಯೂಟರಿಗೂ ಬೇರೆ ಬೇರೆ ಹೆಸರು, ಬೇರೆ ಬೇರೆ ಪಾಸ್‌ವರ್ಡ್ ಕೊಡಬೇಕು ಎಂಬುದು ನನ್ನ ವಿದ್ಯೆಯ ಮೊದಲ ಪಾಠ. ನಾನು ಸೋಮಾರಿ. ನಲವತ್ತೊಂದಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡ್ ಇಟ್ಟೆ.

ಇಟ್ಟದ್ದಾದರೂ ಎಂಥದು? ಆಗ ಮದುವೆಯಾಗಿ ಇಪ್ಪತ್ತು ದಿನ. ಹಿಂದಿನ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ಉಪ್ಪಿನ ಡಬ್ಬಕ್ಕೆ ಕೈ ಚಾಚಿದೆ. ಅತ್ತೆ, “ಸರಿಯಾಗೇ ಹಾಕಿದೀನಿ,” ಎಂದು ಡಬ್ಬ ಎತ್ತಿಕೊಂಡು ಹೋಗಿ ಒಳಗಿಟ್ಟುಬಿಟ್ಟರು. ಉಪ್ಪು ಹಾಕಿದ ಸುಳಿವೇ ಇರಲಿಲ್ಲ! ಅನ್ನ ಸಪ್ಪೆ, ಬೇಯಿಸಿದ ತರಕಾರಿ ಸಪ್ಪೆ, ಸೂಪಂತೂ ಬಿಸಿನೀರಿನ ತಂಗಿ. ಇಡೀ ಆಸ್ಪತ್ರೆ ಹೊಗಳುವ ಕೈ ಮನೆಯಲ್ಲಿ ಹೀಗೇಕೆ ಎಂದು ಗಂಡನನ್ನು ಕೇಳಿದರೆ, ಅವನು ತಟ್ಟೆಯಿಂದ ತಲೆಯೆತ್ತದೆ “ಚೆನ್ನಾಗೇ ಇದೆಯಲ್ಲ” ಎಂದ. ನಾನು ನಾಲಿಗೆ ಕಚ್ಚಿಕೊಂಡು, “ಚೆನ್ನಾಗಿದೆ ಅತ್ತೆ,” ಎಂದೆ. ಆ ಸಿಟ್ಟನ್ನು ಮರುದಿನ ಸರ್ವರ್ ಕೋಣೆಗೆ ಹೊತ್ತುಕೊಂಡು ಹೋದೆ. ಪಾಸ್‌ವರ್ಡ್ ಏನು ಎಂದು ಅದು ಕೇಳಿದಾಗ, ಇಂಗ್ಲಿಷ್ ಅಕ್ಷರಗಳಲ್ಲಿ ‘ಅತ್ತೆ ಅಡುಗೆ ಸಪ್ಪೆ’ ಎಂದು ಒತ್ತಿದೆ. ಹದಿನಾಲ್ಕು ಅಕ್ಷರ. ಕನಿಷ್ಠ ಹದಿನಾರು ಬೇಕು ಎಂದು ಸರ್ವರ್ ಒಪ್ಪಲಿಲ್ಲ. ನಡುವೆ ‘ಬರೀ’ ಸೇರಿಸಿದೆ, ಹದಿನೆಂಟಾಯಿತು. ಸತ್ಯ ಹದಿನಾಲ್ಕೇ ಅಕ್ಷರದ್ದು, ಉತ್ಪ್ರೇಕ್ಷೆ ಮಾಡಿಸಿದ್ದು ಸರ್ವರ್ ಎಂದು ನಾನು ಇವತ್ತಿಗೂ ವಾದಿಸಬಲ್ಲೆ. ಮನಸ್ಸು ಹಗುರಾಯಿತು. ಕಂಪ್ಯೂಟರುಗಳು ಪಾಸ್‌ವರ್ಡನ್ನು ತಮ್ಮಲ್ಲೇ ಇಟ್ಟುಕೊಂಡು ದಿನಾ ತಾವೇ ಒಪ್ಪಿಸುತ್ತಿದ್ದವು. ಮೂರು ವರ್ಷ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಹಾಸಿಗೆ ಹಿಡಿದ ನಾಲ್ಕನೇ ದಿನ ಅಡುಗೆಮನೆಯ ಕಂಪ್ಯೂಟರ್ ಆವಿ ಕುಡಿದು ಕುಡಿದು ಪ್ರಾಣ ಬಿಟ್ಟಿತು. ಮರುದಿನ ಬೆಳಿಗ್ಗೆ ಅಂಗಡಿಯವನು ಹೊಸದನ್ನು ತಂದಿಟ್ಟು, ಹಳೆಯದರ ಹೆಸರನ್ನೇ ಅದಕ್ಕೂ ಕೊಟ್ಟ. ಪಾಸ್‌ವರ್ಡ್ ತನ್ನ ಕೆಲಸವಲ್ಲ ಎಂದು ಹೇಳಿ ಹೊರಟೂ ಹೋದ. ಹತ್ತೂಮುಕ್ಕಾಲಿಗೆ ನನ್ನ ಫೋನು ಬಡಿದುಕೊಂಡಿತು.

“ಏನೇ, ಮಲಗಿದ್ಯಾ?” ಅತ್ತೆ. “ಮೂವತ್ತು ವರ್ಷದಿಂದ ಈ ಅಡುಗೆಮನೆ ನಡೆಸ್ತಿದೀನಿ. ಇವತ್ತು ಬಂದ ಡಬ್ಬ ನೀನ್ಯಾರು ಅಂತ ನನ್ನನ್ನೇ ಕೇಳ್ತಿದೆಯಲ್ಲೇ!”

“ಏನನ್ನೂ ಒತ್ತಬೇಡಿ ಅತ್ತೆ.”

“ಒತ್ತಿ ಆಯ್ತು. ಪಾಸ್‌ವರ್ಡ್ ಅಡುಗೆಮನೆ ಅಂದೆ, ಒಪ್ಪಲಿಲ್ಲ. ನನ್ನ ಹೆಸರೇ ಹೇಳಿದೆ, ಅದನ್ನೂ ಒಪ್ಪಲಿಲ್ಲ. ಇನ್ನೊಂದು ಸಲ ತಪ್ಪಿದ್ರೆ ಎರಡು ಗಂಟೆ ಬಾಗಿಲು ತೆಗೆಯಲ್ಲ ಅಂತಿದೆ. ಯಾವ ಪುಣ್ಯಾತ್ಮರು ಮಾಡಿದ ನಿಯಮವೋ!”

ಆ ಪುಣ್ಯಾತ್ಮಳು ನಾನೇ. ಮಾಡಿದ್ದುಣ್ಣೋ ಮಹರಾಯ ಎಂದು ಸುಮ್ಮನೆ ಹೇಳುವುದಿಲ್ಲ. ಸರ್ವರಿನಲ್ಲಿ ಇನ್ನೂರ ಹನ್ನೆರಡು ಊಟದ ಚೀಟಿಗಳು ಸಾಲಾಗಿ ನಿಂತಿದ್ದವು. ಹನ್ನೊಂದಕ್ಕೆ ಅವು ಕೈಗೆ ಬರದಿದ್ದರೆ ಹನ್ನೆರಡಕ್ಕೆ ಊಟದ ಗಾಡಿಗಳು ಹೊರಡುವುದಿಲ್ಲ. ಬಾಯಿಮಾತಿನಲ್ಲಿ ಬರೆಸಿಕೊಳ್ಳೋಣವೆಂದರೆ, ಯಾರಿಗೋ ಮೊಟ್ಟೆ ಕಂಡರೆ ಮೈಯೆಲ್ಲ ಊದುತ್ತದೆ, ಯಾರಿಗೋ ಹಾಲು ಆಗದು. ಒಂದೇ ಒಂದು ಚೀಟಿ ತಪ್ಪಿದರೂ ಅದು ನಗುವ ವಿಷಯವಲ್ಲ.

ನಾನು ಮಲಗಿದಲ್ಲೇ ದಾರಿ ಹುಡುಕತೊಡಗಿದೆ. ಅಡುಗೆಮನೆಗೆ ಹೊಸ ಹೆಸರು, ಹೊಸ ಪಾಸ್‌ವರ್ಡ್ ಮಾಡಿಕೊಡಬಹುದಿತ್ತು. ಆದರೆ ಅದನ್ನು ಸರ್ವರ್ ಕೋಣೆಯಲ್ಲೇ ಕೂತು ಮಾಡಬೇಕು. ನಡುವೆ ಮೂರು ಮಹಡಿ, ಮೂವತ್ತೆಂಟು ಮೆಟ್ಟಿಲು, ಒಂದು ಪ್ಲಾಸ್ಟರ್. ಗಂಡನಿಗೆ ಹೇಳೋಣವೆಂದರೆ ಅವನು ಸರಕಿನ ರೈಲು ಓಡಿಸುವವನು, ಎಂಜಿನ್ನಿನಲ್ಲಿ ಫೋನ್ ಮುಟ್ಟುವಂತಿಲ್ಲ. ವಾರ್ಡಿನ ಸಿಸ್ಟರನ್ನು ಕಳಿಸೋಣವೆಂದರೆ, ಹೊರಗಿನವರನ್ನು ಅತ್ತೆ ಅಡುಗೆಮನೆಯ ಹೊಸಿಲು ದಾಟಲು ಬಿಡುವುದಿಲ್ಲ.

“ಅತ್ತೆ, ಫೋನು ಬ್ರೆಡ್ಡಕ್ಕನ ಕೈಗೆ ಕೊಡ್ತೀರಾ?” ಎಂದೆ. ಬ್ರೆಡ್ಡಕ್ಕ ಎಂದರೆ ಇಪ್ಪತ್ತು ವರ್ಷದಿಂದ ಅಲ್ಲಿ ಬ್ರೆಡ್ಡು ಕತ್ತರಿಸುವಾಕೆ. ಅವಳಿಗೆ ಹೇಳಿದ ಸುದ್ದಿ ಆಸ್ಪತ್ರೆಯೆಲ್ಲ ಹರಡಲು ಯಾವ ಸರ್ವರೂ ಬೇಡ. ಆದರೂ ಅತ್ತೆಗಿಂತ ಅವಳೇ ವಾಸಿ ಅನಿಸಿತ್ತು.

“ಅವಳ ಕೈಯೆಲ್ಲ ಬೆಣ್ಣೆ. ನಾನೇ ಬರ್ಕೋತೀನಿ, ಹೇಳು. ಫೋನು ಸ್ಪೀಕರಿಗೆ ಹಾಕಿದೀನಿ.”

“ಅತ್ತೆ... ಕೊನೆಯ ಅಕ್ಷರದಿಂದ ಹೇಳ್ಲಾ?”

“ಯಾಕೆ, ಮೊದಲನೇದಕ್ಕೆ ಏನಾಗಿದೆ?”

ಗೋಡೆಯ ಗಡಿಯಾರದಲ್ಲಿ ಹತ್ತು ನಲವತ್ತೆಂಟು. ಕಣ್ಣು ಮುಚ್ಚಿಕೊಂಡೆ. “ಎ,” ಎಂದೆ.

“ಎ.”

“ಟಿ. ಇನ್ನೊಂದು ಟಿ. ಇ.”

“ಟಿ. ಇನ್ನೊಂದು ಟಿ. ಇ.” ಪೆನ್ಸಿಲ್ ನಿಂತಿತು. “ಅಯ್ಯೋ! ಅತ್ತೆ ಅಂತಾಯ್ತಲ್ಲೇ! ನನ್ನನ್ನೇ ಇಟ್ಟಿದೀಯಾ?” ಆಮೇಲೆ ಅಡುಗೆಮನೆಯ ಕಡೆ ತಿರುಗಿದ ಧ್ವನಿ: “ಕೇಳಿದ್ರೇನ್ರೇ, ನನ್ನ ಸೊಸೆ ಕಂಪ್ಯೂಟರಿಗೂ ಅತ್ತೆ ಅಂತಲೇ ಹೇಳಿಕೊಟ್ಟಿದಾಳೆ!”

ಹಿಂದಿನಿಂದ ಮೆಚ್ಚುಗೆಯ ಗದ್ದಲ. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಮೂರನೇ ಮಹಡಿಯ ನೆಲ ಬಾಯಿ ಬಿಟ್ಟರೆ ಎರಡನೇ ಮಹಡಿಗೆ ಬೀಳುತ್ತೇನೆ, ಅಷ್ಟೇ. ಮುಂದುವರಿಸಿದೆ. “ಎ. ಡಿ. ಯು. ಜಿ. ಇ.”

“ಅತ್ತೆ ಅಡುಗೆ!” ಅತ್ತೆ ಎಲ್ಲರಿಗೂ ಕೇಳುವಂತೆ ಓದಿ ಹಿಗ್ಗಿದರು. “ಅದೃಷ್ಟ ಮಾಡಿದ್ರಿ ಅಮ್ಮಾವ್ರೆ. ನನ್ನ ಸೊಸೆ ನನಗೆ ಒಂದು ಫೋನೂ ಮಾಡಲ್ಲ,” ಎಂದಳು ಬ್ರೆಡ್ಡಕ್ಕ.

ಇನ್ನೂ ಒಂಬತ್ತು ಅಕ್ಷರ. ಜೀವನದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. “ಬಿ. ಎ. ಆರ್. ಐ.”

“ಅತ್ತೆ ಅಡುಗೆ ಬರೀ... ಬರೀ ಏನೇ? ಅಮೃತವಾ?”

“ಎಸ್,” ಎಂದೆ. “ಎ. ಪಿ. ಇನ್ನೊಂದು ಪಿ. ಇ.”

ಪೆನ್ಸಿಲ್ಲಿನ ಸದ್ದು ಒಂದೊಂದು ಅಕ್ಷರಕ್ಕೂ ನಿಧಾನವಾಯಿತು. ಇಲ್ಲಿಗೆ ಮುಗಿಯಿತು, ಫೋನು ಇಡುತ್ತಾರೆ ಎಂದುಕೊಂಡೆ. ಆದರೆ ಅತ್ತೆ ನಿಯಮ ಮಾಡಿದವರು. ತಾವು ಮಾಡಿದ ನಿಯಮವನ್ನು ತಮಗೆ ನೋವಾಗುತ್ತದೆಂದು ಮುರಿಯುವ ಜಾತಿಯಲ್ಲ.

“ಓದ್ತೀನಿ, ಕೇಳು,” ಎಂದರು. ಹದಿನೆಂಟು ಅಕ್ಷರವನ್ನೂ ಒಂದೊಂದಾಗಿ ಓದಿದರು. ನಂತರ ಒಟ್ಟಿಗೆ, ಹತ್ತು ಜನ ಅಡುಗೆಯವರ ಮುಂದೆ, ಗಟ್ಟಿಯಾಗಿ: “ಅತ್ತೆ ಅಡುಗೆ ಬರೀ ಸಪ್ಪೆ. ಸರಿನಾ?”

“ಸರಿ ಅತ್ತೆ,” ಎಂದೆ. “ಅತ್ತೆ, ಪಾಸ್‌ವರ್ಡಿಗೆಲ್ಲ ಅರ್ಥ ಇರಲ್ಲ ಅತ್ತೆ.”

“ಮತ್ತೆ ಯಾಕೆ ಅಳ್ತಿದೀಯ?”

ಕೀಲಿಗಳ ಸದ್ದು. ಆಮೇಲೆ ಪ್ರಿಂಟರ್ ಕರಕರ ಎಂದು ಚೀಟಿಗಳನ್ನು ಉಗುಳತೊಡಗಿತು. “ಬಂತು,” ಎಂದರು ಅತ್ತೆ. ಫೋನು ಇಟ್ಟರು.

ಹನ್ನೆರಡೂವರೆಗೆ ಎಲ್ಲ ವಾರ್ಡಿಗೂ ಸರಿಯಾಗಿ ಊಟ ಬಂತು. ನನ್ನ ತಟ್ಟೆಯೂ ಬಂತು. ಅದರ ಪಕ್ಕದಲ್ಲಿ ಅಡುಗೆಮನೆಯ ದೊಡ್ಡ ಉಪ್ಪಿನ ಡಬ್ಬ, ತುಂಬಿದ್ದು, ಎರಡು ಕಿಲೋ. ಮೇಲೆ ಅತ್ತೆಯ ಕೈಬರಹದ ಚೀಟಿ: ‘ಒಂಬತ್ತನೇ ಮಂಚ. ಬೇಕಾದಷ್ಟು.’ ಸಿಸ್ಟರ್ ಅದನ್ನು ಎರಡು ಕೈಯಲ್ಲಿ ಎತ್ತಿ, “ಇದ್ಯಾವ ಪಥ್ಯಾರೀ?” ಎಂದು ಕೇಳಿದರು. ಪಥ್ಯವಲ್ಲ ಸಿಸ್ಟರ್, ಪ್ರಾಯಶ್ಚಿತ್ತ ಎಂದೆ. ಎರಡು ಗಂಟೆಗೆ ಮೂಳೆ ಡಾಕ್ಟರು ಬಂದು, ಕಾಲು ನೋಡುವ ಮೊದಲೇ, ನಗು ತಡೆದುಕೊಂಡು, “ಊಟ ಹೇಗಿತ್ತು?” ಎಂದು ವಿಚಾರಿಸಿದರು. ಬ್ರೆಡ್ಡಕ್ಕ ತನ್ನ ಕೆಲಸ ಮುಗಿಸಿದ್ದಳು. ಬಯಲಾದ ಪಾಸ್‌ವರ್ಡನ್ನು ಕೂಡಲೇ ಬದಲಿಸಬೇಕು ಎಂಬುದು ನನ್ನ ವಿದ್ಯೆಯ ಎರಡನೇ ಪಾಠ. ನಾನು ಬದಲಿಸಿದ್ದು ಏಳು ವಾರದ ಮೇಲೆ. ಅಷ್ಟರಲ್ಲಿ ಗೇಟಿನ ಕಾವಲುಗಾರನಿಗೂ ಅದು ಬಾಯಿಪಾಠವಾಗಿತ್ತು.

ನಾಲ್ಕು ಗಂಟೆಗೆ, ರೋಗಿಗಳನ್ನು ನೋಡುವ ಹೊತ್ತಿಗೆ, ಅತ್ತೆ ಬಂದರು. ಏಪ್ರನ್ ಬಿಚ್ಚಿದ್ದರು, ಟೋಪಿ ಮರೆತು ಹಾಗೇ ಇತ್ತು. ಸ್ಟೂಲು ಎಳೆದು ಕೂತು, ಜೇಬಿನಿಂದ ಆ ಚೀಟಿ ತೆಗೆದು ನನ್ನ ಪ್ಲಾಸ್ಟರಿನ ಮೇಲಿಟ್ಟರು.

“ನನಗೆ ತುಂಬಾ ಸಿಟ್ಟು ಬಂದಿದೆ,” ಎಂದರು. “ಮೂರು ವರ್ಷದಿಂದ ನಲವತ್ತೊಂದು ಕಂಪ್ಯೂಟರಿಗೆ ದಿನಾ ಹೇಳ್ತಿದೀಯ. ನನಗೆ ಒಂದು ಸಲ ಹೇಳಕ್ಕಾಗಲಿಲ್ವಾ?”

“ಹೇಗೆ ಹೇಳ್ಲಿ ಅತ್ತೆ? ನೀವು ಊರಿಗೇ ಅಡುಗೆ ಮಾಡೋರು. ನನಗೆ ನೀರು ಕಾಯಿಸಕ್ಕೂ ಸರಿಯಾಗಿ ಬರಲ್ಲ.”

ಅವರು ಎದ್ದರು. ಹೊರಟರು ಎಂದುಕೊಂಡೆ. ಹೋಗಲಿಲ್ಲ. ಮಂಚದ ಸುತ್ತ ಪರದೆ ಎಳೆದು, ಬಂದು ಮತ್ತೆ ಕೂತರು. ಧ್ವನಿ ತಗ್ಗಿಸಿದರು.

“ನನಗೆ ರುಚಿ ಗೊತ್ತಾಗಲ್ಲ ಕಣೇ.”

“ಅಂದ್ರೆ?” ಎಂದೆ.

“ನಿನ್ನ ಮದುವೆಗೆ ಆರು ತಿಂಗಳು ಮುಂಚೆ ಜ್ವರ ಬಂದು ಮಲಗಿದ್ದೆ. ಜ್ವರ ಹೋಯ್ತು, ಅದರ ಜೊತೆ ನಾಲಿಗೆನೂ ಹೋಯ್ತು. ಉಪ್ಪು, ಹುಳಿ, ಖಾರ, ಎಲ್ಲಾ ಒಂದೇ. ಇಲ್ಲಿ ಪರವಾಗಿಲ್ಲ, ಎಲ್ಲಾ ತೂಕ ಹಾಕಿ, ಚಮಚದಲ್ಲಿ ಅಳೆದು ಮಾಡೋದು. ಬಡಿಸೋಕೆ ಮುಂಚೆ ಪಥ್ಯದ ಮೇಡಂ ರುಚಿ ನೋಡೇ ನೋಡ್ತಾರೆ. ಮನೇಲಿ ಕೈಯಂದಾಜು. ನಿನ್ನ ಗಂಡ ಮಣ್ಣು ಬಡಿಸಿದ್ರೂ ತಿಂದು ಏಳ್ತಾನೆ. ನೀನು ಹೇಳ್ತೀಯ ಅಂತ ದಿನಾ ನಿನ್ನ ತಟ್ಟೆ ನೋಡ್ತಾ ಕೂತಿರ್ತಿದ್ದೆ.”

“ಮತ್ತೆ ಆ ದಿನ ಉಪ್ಪಿನ ಡಬ್ಬ ಎತ್ತಿಕೊಂಡು ಹೋದ್ರಲ್ಲ?”

“ನೀನು ಕೈ ಚಾಚಿದ ತಕ್ಷಣ ಎದೆ ಧಸಕ್ ಅಂತು. ಗೊತ್ತಾಗಿಬಿಡ್ತು ಅನ್ಕೊಂಡೆ.” ಅತ್ತೆ ಟೋಪಿ ತೆಗೆದು ಮಡಿಲಲ್ಲಿ ಇಟ್ಟುಕೊಂಡರು. “ಹೇಳ್ತೀಯ ಅಂತ ಆಸೆ. ಹೇಳಿಬಿಡ್ತೀಯಲ್ಲ ಅಂತ ಭಯ. ನೀನು ನೋಡಿದ್ರೆ ಪೂರ್ತಿ ತಿಂದು ಚೆನ್ನಾಗಿದೆ ಅಂತಿದ್ದೆ. ಪರವಾಗಿಲ್ಲ, ಕೈ ಅಳತೆ ತಪ್ಪಿಲ್ಲ ಅಂತ ನಂಬಿದ್ದೆ ಕಣೇ, ಮೂರು ವರ್ಷ.”

ನಾನು ಬಾಯಿ ಬಿಟ್ಟು ಅತ್ತುಬಿಟ್ಟೆ. ನನ್ನ ಜಾಣತನ, ನನ್ನ ಹದಿನೆಂಟು ಅಕ್ಷರ, ಎಲ್ಲದರ ಮೇಲೂ ಹೇಸಿಗೆಯಾಯಿತು. ಮೂವತ್ತು ವರ್ಷ ನಾಲಿಗೆಯನ್ನೇ ನೆಚ್ಚಿಕೊಂಡು ಬದುಕಿದ ಹೆಂಗಸು, ಅದು ಹೋದ ಮೇಲೆ ಒಬ್ಬಳ ಮಾತಿಗಾಗಿ ಕಾಯುತ್ತ ಕೂತಿದ್ದರು. ಆ ಒಬ್ಬಳು ನಾನಾಗಿದ್ದೆ. ಅತ್ತೆ ನನ್ನ ತಲೆ ಸವರಲಿಲ್ಲ, ಅಂಥದ್ದೆಲ್ಲ ಅವರಿಗೆ ಬರುವುದಿಲ್ಲ. ಹೊದಿಕೆ ಸರಿಮಾಡಿದರು.

“ಇದನ್ನ ಯಾರಿಗೂ ಹೇಳ್ಬೇಡ. ಇಲ್ಲಿ ನನ್ನ ಮರ್ಯಾದೆ ಪ್ರಶ್ನೆ,” ಎಂದರು. ಹೋಗುವಾಗ ಉಪ್ಪಿನ ಡಬ್ಬ ಎತ್ತಿಕೊಂಡು ಹೋದರು. ಅದು ಆಸ್ಪತ್ರೆಯ ಸಾಮಾನು.

ಏಳು ವಾರದ ಮೇಲೆ ಪ್ಲಾಸ್ಟರ್ ಬಿಚ್ಚಿದರು. ಮೂವತ್ತೆಂಟು ಮೆಟ್ಟಿಲನ್ನೂ ಎಣಿಸಿಕೊಂಡು ಇಳಿದು, ನಲವತ್ತೊಂದು ಕಂಪ್ಯೂಟರುಗಳಿಗೂ ಬೇರೆ ಬೇರೆ ಹೆಸರು ಕೊಟ್ಟೆ. ಪಾಸ್‌ವರ್ಡನ್ನು ಆಯಾ ಜಾಗದವರೇ ಇಟ್ಟುಕೊಳ್ಳಲಿ, ಕಂಪ್ಯೂಟರ್ ಶುರುವಾದಾಗಲೆಲ್ಲ ತಾವೇ ಒತ್ತಲಿ, ಸರ್ವರ್ ಅದನ್ನು ಯಾರಿಗೂ ಓದಲಾಗದಂತೆ ಇಡುತ್ತದೆ, ನನಗೂ ಕಾಣಿಸುವುದಿಲ್ಲ, ಯಾರಿಗೂ ಹೇಳಬಾರದು ಎಂದು ಸಾರಿದೆ. ಅಡುಗೆಮನೆಯದನ್ನು ಅತ್ತೆಯೇ ಒತ್ತಿದರು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ. ಕಿವಿಗೆ ಗೋಡೆಯಿಲ್ಲವಲ್ಲ, ಎಣಿಸಿದೆ: ಹದಿನೇಳು.

“ಏನಿಟ್ರಿ ಅತ್ತೆ?”

“ಯಾರಿಗೂ ಹೇಳ್ಬಾರ್ದು ಅಂತ ಈಗ ತಾನೇ ನೀನೇ ಹೇಳಿದೆಯಲ್ಲ.”

ಹದಿನೇಳು ಅಕ್ಷರದಲ್ಲಿ ಒಬ್ಬ ಅತ್ತೆ ಏನೇನು ಹೇಳಬಹುದು? ಬೆರಳು ಮಡಚಿ ಮಡಚಿ ನೋಡಿದೆ. ‘ಸೊಸೆಗೆ ನಾಚಿಕೆ ಇಲ್ಲ’ ಸರಿಯಾಗಿ ಹದಿನೇಳಕ್ಕೆ ಬಂತು. ಅವತ್ತು ಊಟ ಸೇರಲಿಲ್ಲ.

ಊಟದ ವಿಷಯ ಬಂದಾಗ ಒಂದು ಮಾತು. ಮನೆಯಲ್ಲಿ ಈಗ ಒಲೆ ಆರಿಸುವ ಮೊದಲು ಅತ್ತೆ ಚಮಚ ತಂದು ನನ್ನ ಮುಂದೆ ಹಿಡಿಯುತ್ತಾರೆ. ನಾನು “ಅರ್ಧ ಚಮಚ ಉಪ್ಪು” ಎನ್ನುತ್ತೇನೆ, ಅಥವಾ “ಸಾಕು” ಎನ್ನುತ್ತೇನೆ. ಒಂದು ಸಲ “ಇದು ಬಾಯಿಗಿಡೋ ಹಾಗಿಲ್ಲ ಅತ್ತೆ” ಎಂದೂ ಹೇಳಿದ್ದೇನೆ. ಅವರು ಮುಖವೆಲ್ಲ ಅರಳಿಸಿಕೊಂಡು ಮತ್ತೆ ಮಾಡಲು ಹೋದರು. ಅಡುಗೆಯಲ್ಲಿ ಏನಾದರೂ ವ್ಯತ್ಯಾಸ ಕಂಡಿತಾ ಎಂದು ಗಂಡನನ್ನು ಕೇಳಿದೆ. “ಚೆನ್ನಾಗೇ ಇದೆಯಲ್ಲ,” ಎಂದ.

ಹೀಗಿರುವಾಗ ಒಂದು ದಿನ ಹತ್ತೂಮುಕ್ಕಾಲಿಗೆ ಬ್ರೆಡ್ಡಕ್ಕ ಫೋನ್ ಮಾಡಿದಳು. ರುಬ್ಬುವ ಯಂತ್ರಕ್ಕೆ ಜಾಗ ಬೇಕೆಂದು ಯಾರೋ ಕಂಪ್ಯೂಟರಿನ ಪ್ಲಗ್ಗು ಕಿತ್ತಿದ್ದರು. ಮತ್ತೆ ಹಾಕಿದರೆ ಪಾಸ್‌ವರ್ಡ್ ಕೇಳುತ್ತಿದೆ. ಅತ್ತೆ ಎರಡನೇ ಮಹಡಿಯ ಕಣ್ಣಿನ ವಿಭಾಗದಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡು ಕೂತಿದ್ದಾರೆ, ಮೂರು ಗಂಟೆ ಏನೂ ಕಾಣುವುದಿಲ್ಲ. ನಾನು ಕುಂಟುತ್ತ ಓಡಿದೆ. ಬಾಗಿಲಲ್ಲಿ ಕೈ ತೊಳೆದೆ, ಟೋಪಿ ಹಾಕಿಕೊಂಡೆ.

“ಏನೂ ಒತ್ತಿಲ್ಲ ತಾನೇ?”

“ಎರಡೇ ಸಲ,” ಎಂದಳು ಬ್ರೆಡ್ಡಕ್ಕ. “ಸಪ್ಪೆ ಅಂತಿರಬಹುದು ಅಂತ.”

ಅತ್ತೆಗೆ ಫೋನ್ ಮಾಡಿದೆ. ವಿಷಯ ಹೇಳಿದೆ. “ಬರ್ಕೋ,” ಎಂದರು. ನಾನು ಫೋನನ್ನು ಕಿವಿಗೆ ಒತ್ತಿಕೊಂಡೆ. ಬ್ರೆಡ್ಡಕ್ಕ ಅದನ್ನು ನನ್ನ ಕೈಯಿಂದ ಕಿತ್ತು ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟಳು. “ನಿಯಮ ಅಂದ್ರೆ ನಿಯಮ. ಬರೀರಿ. ಗಟ್ಟಿಯಾಗಿ ಓದಿ.” ಚಾಕುಗಳು ನಿಂತವು, ಸೌಟುಗಳು ನಿಂತವು. ಹತ್ತು ಜನ ನನ್ನ ಸುತ್ತ ಕೂಡಿದರು. ಎಲ್ಲರ ಕಣ್ಣಲ್ಲೂ ಆಸೆ. ನಾನು ಪೆನ್ಸಿಲ್ ತೆಗೆದುಕೊಂಡೆ.

“ಎಸ್. ಓ. ಎಸ್. ಇ,” ಎಂದರು ಅತ್ತೆ.

“ಸೊಸೆ!” ಎಂದಿತು ಇಡೀ ಅಡುಗೆಮನೆ.

“ಅತ್ತೆ,” ಎಂದೆ, “ಕೊನೆಯ ಅಕ್ಷರದಿಂದ ಹೇಳ್ತೀರಾ?”

“ಯಾಕೆ, ಮೊದಲನೇದಕ್ಕೆ ಏನಾಗಿದೆ?” ಎಂದರು. ನಿಲ್ಲಿಸಲಿಲ್ಲ. ಒಂದೊಂದೇ ಅಕ್ಷರ ಹೇಳುತ್ತ ಹೋದರು, ನಾನು ಚೀಟಿಯಲ್ಲಿ ಒಂದೊಂದೇ ಬರೆಯುತ್ತ ಹೋದೆ. ಹದಿನೇಳನೆಯದು ಬರೆದು ಪೆನ್ಸಿಲ್ ಕೆಳಗಿಟ್ಟೆ. ಗಟ್ಟಿಯಾಗಿ ಓದಿದೆ.

“ಸೊಸೆಯೇ ನನ್ನ ನಾಲಿಗೆ. ಸರಿನಾ ಅತ್ತೆ?”

“ಸರಿ.”

ಹತ್ತು ಮುಖಗಳೂ ಸಪ್ಪಗಾದವು. “ಇಷ್ಟೇನಾ? ಬೈಗುಳ ಇಲ್ವಾ?” ಎಂದಳು ಬ್ರೆಡ್ಡಕ್ಕ. “ಹಾಗಂದ್ರೇನ್ರೀ ಅರ್ಥ?”

“ಪಾಸ್‌ವರ್ಡಿಗೆಲ್ಲ ಅರ್ಥ ಇರಲ್ಲ ಬ್ರೆಡ್ಡಕ್ಕ,” ಎಂದು ತೋಳಿನಿಂದ ಕಣ್ಣೊರೆಸಿಕೊಂಡೆ.

ಮೇಜಿನ ಮೇಲಿಂದ ಅತ್ತೆಯ ಧ್ವನಿ ಬಂತು: “ಅಳು ನಿಲ್ಲಿಸಿ, ಕಣ್ಣು ಬಿಟ್ಟು ನೋಡಿ ಒತ್ತೇ. ಇನ್ನೊಂದೇ ಸಲ ಉಳಿದಿರೋದು.”